ಬಡ್ಡಿ ಕಾರಿನಲ್ಲಿ ಸಿಕ್ಕಿಕೊಂಡ ಮಧ್ಯಾಹ್ನ

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯ ದೀಕ್ಷಾಗೆ ಹೆಲ್ಪ್‌ಲೈನಿನಲ್ಲಿ ಕೆಲಸ ಸಿಕ್ಕಿದೆ. ಪೇಢೆ ಕೊಡಲು ಬಂದವಳು, "ಆಂಟಿ, ಉಸ್ ಮೇ ಕರ್ನಾ ಕ್ಯಾ ಹೋತಾ ಹೈ?" ಎಂದು, ಅಲ್ಲಿ ಮಾಡಬೇಕಾದ ಕೆಲಸವೇನೆಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳತೊಡಗಿದೆ, ಅವಳು ಹಿಂದಿಯಲ್ಲಿ ಹೂಂಗುಟ್ಟಿದಳು. ಡೊಂಬಿವಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳ ಜೊತೆ ಮಾತುಕತೆ ನಡೆಯುವುದು ಹೀಗೆಯೇ. ಅರ್ಧಕ್ಕೆ ಅವಳಿಗೆ ಟ್ರೇನಿನ ಹೊತ್ತಾಯಿತು. ಉಳಿದದ್ದನ್ನು ಬರೆದಿಡುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ತಾಯಿ ಓದಿ ಹೇಳುತ್ತಾಳಂತೆ.

ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ನಿವೃತ್ತಿಯಾಗುವ ತನಕ ಫೋನಿನಲ್ಲಿ ಸಲಹೆ ಹೇಳುತ್ತಿದ್ದೆ. ಚಂದಾ ಕಟ್ಟಿದ ಮನೆಯವರು ನಮಗೆ ಫೋನ್ ಮಾಡಿ, ಮನೆ, ಗಾಡಿ, ಸಾಕುಪ್ರಾಣಿ ಈ ಮೂರರ ಬಗ್ಗೆ ಏನು ಬೇಕಾದರೂ ಕೇಳಬಹುದಿತ್ತು. ನಮಗೆ ಗೊತ್ತಿದ್ದರೆ ಹೇಳುತ್ತಿದ್ದೆವು, ಗೊತ್ತಿಲ್ಲದಿದ್ದರೆ ಹಾಡು ಹಾಕಿ ಕಾಯಿಸಿ, ಗೊತ್ತಿರುವವರನ್ನು ಕೇಳಿ ಬಂದು ಹೇಳುತ್ತಿದ್ದೆವು. ನನ್ನ ಗಂಡ ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಉಡುಪಿಯಿಂದ ಬಂದ ನೆಂಟರು ನನ್ನ ಕೆಲಸದ ಬಗ್ಗೆ ಕೇಳಿದರೆ, "ಊರವರ ಮನೆಯ ನಲ್ಲಿ ಸೋರಿದರೆ ಇವಳಿಗೆ ಸಂಬಳ" ಎಂದು ತುಳುವಿನಲ್ಲಿ ವಿವರಿಸುತ್ತಿದ್ದರು. ಅದಕ್ಕಿಂತ ಚೆನ್ನಾಗಿ ನಾನೂ ವಿವರಿಸಲಾರೆ.

ಆಫೀಸಿನಲ್ಲಿ ಮೂರು ಸಾಲು ಮೇಜುಗಳಿದ್ದವು. ಮನೆಯ ಸಾಲು, ಗಾಡಿಯ ಸಾಲು, ಪ್ರಾಣಿಯ ಸಾಲು. ನನ್ನದು ಮನೆಯ ಸಾಲು. ಆದರೆ ಇಡೀ ಮಾಳಿಗೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಎಂದು ಎಲ್ಲರೂ ನಂಬಿದ್ದರಿಂದ ಕನ್ನಡದ ಫೋನುಗಳು, ಯಾವ ಸಾಲಿನದ್ದಾದರೂ, ನನಗೇ ಬರುತ್ತಿದ್ದವು.

ಮೊದಲ ವಾರ ಘೋಡ್‌ಬಂದರ್ ರಸ್ತೆಯ ಹೆಂಗಸೊಬ್ಬರು ಫೋನ್ ಮಾಡಿ, ತಮ್ಮ ಹೊಸ ವಾಷಿಂಗ್ ಮಶೀನು ಹಾಲಿಗೆ ಬಂದಿದೆ ಎಂದರು. ಒಳ್ಳೆಯದಾಯಿತು, ಎಲ್ಲಿ ಇಡಬೇಕೆಂದು ಕೇಳುತ್ತಿದ್ದಾರೆ ಎಂದುಕೊಂಡು, ಬಚ್ಚಲಿನ ಹತ್ತಿರ ನೀರಿನ ಸೌಕರ್ಯ ಇರುವಲ್ಲಿ ಇಡಿಸಿ ಎಂದೆ. "ಬಚ್ಚಲಲ್ಲೇ ಇಟ್ಟಿದ್ದೆವು. ಅದಾಗಿಯೇ ಬಂದಿದೆ" ಎಂದರು. ಈಗ ಎಲ್ಲಿದೆ ಎಂದೆ. ಸೋಫಾದ ಪಕ್ಕ ಎಂದರು. ಹಾಡು ಹಾಕಿ ಹೋಗಿ ಕೇಳಿದೆ. ಕಾರ್ಖಾನೆಯಿಂದ ಸಾಗಿಸುವಾಗ ಒಳಗಿನ ಡ್ರಮ್ಮು ಅಲುಗಾಡದಂತೆ ಹಿಂದುಗಡೆ ಬೋಲ್ಟು ಹಾಕಿರುತ್ತಾರೆ, ಅದನ್ನು ಬಿಚ್ಚದೆ ಚಾಲೂ ಮಾಡಿದರೆ ಮಶೀನು ನಡೆಯುತ್ತದೆ. ಬೋಲ್ಟು ಬಿಚ್ಚಿಸಿದೆ. ಮಶೀನನ್ನು ವಾಪಸು ಬಚ್ಚಲಿಗೆ ಒಯ್ಯುವುದು ಹೇಗೆ ಎಂದು ಅವರು ಕೇಳಿದರು. ಬಂದ ಹಾಗೆಯೇ ಹೋಗುವ ಉಪಾಯವಂತೂ ಇಲ್ಲ ಎಂದೆ.

ಐರೋಲಿಯ ಒಬ್ಬರ ಮನೆಯಲ್ಲಿ ಅನ್ನ ದಿನವೂ ಅರೆಬೆಂದು ಉಳಿಯುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿ ಎಂದೆ, ಬದಲಿಸಿದರು. ಸೀಟಿಯ ತೂಕ ತೊಳೆಯಿರಿ ಎಂದೆ, ತೊಳೆದರು. ಮೂರನೇ ಸಲ ಫೋನ್ ಮಾಡಿದಾಗ ಹಿಂದಿನಿಂದ ಕುಕ್ಕರ್ ಕೂಗುವುದು ನನಗೇ ಕೇಳಿಸಿತು. ಸೀಟಿ ಸರಿಯಾಗಿಯೇ ಇದೆಯಲ್ಲ ಎಂದೆ. ಒಲೆ ಇನ್ನೂ ಹಚ್ಚಿಯೇ ಇಲ್ಲ ಎಂದರು. ಅವರ ಮನೆಯಲ್ಲಿ ಕಾಕಟೀಲ್ ಎಂಬ ಜುಟ್ಟಿನ ಹಕ್ಕಿ ಇತ್ತು. ಅದು ಕುಕ್ಕರಿನಿಂದ ಸೀಟಿ ಹೊಡೆಯುವುದನ್ನು ಕಲಿತಿತ್ತು. ಒಳಗಿನ ಕೋಣೆಯಿಂದ ಸೀಟಿ ಎಣಿಸುತ್ತಿದ್ದ ಅತ್ತೆ, ಲೆಕ್ಕ ತುಂಬಿತೆಂದು ಗ್ಯಾಸ್ ಬಂದ್ ಮಾಡುತ್ತಿದ್ದರು. ಇದು ಮನೆಯ ಸಾಲಿನದ್ದೋ ಪ್ರಾಣಿಯ ಸಾಲಿನದ್ದೋ ಎಂದು ನಮ್ಮಲ್ಲಿ ಚರ್ಚೆಯಾಯಿತು. ಗಡಿಯಾರ ನೋಡಿ ಗ್ಯಾಸ್ ಆರಿಸಿ ಎಂಬ ಸಲಹೆ ಹೋಯಿತು. ಹಕ್ಕಿಗೆ ಯಾವ ಸಲಹೆಯೂ ಹೋಗಲಿಲ್ಲ.

ಸಾಲುಗಳ ಜಗಳ ಸಣ್ಣದಲ್ಲ ದೀಕ್ಷಾ, ನಿನ್ನ ಆಫೀಸಿನಲ್ಲೂ ಇರುತ್ತದೆ. ಒಂದು ಮಳೆಗಾಲ ಕಲ್ಯಾಣದ ಒಬ್ಬರು ಗಾಡಿಯ ಎಂಜಿನ್ನಿನಿಂದ ಕುಂಯ್ ಕುಂಯ್ ಎಂಬ ಸದ್ದು ಎಂದು ಫೋನ್ ಮಾಡಿದರು. ಕನ್ನಡದವರಾದ್ದರಿಂದ ನನಗೆ ಬಂತು. ಕಂಪ್ಯೂಟರಿನಲ್ಲಿ ಬರೆದದ್ದನ್ನು ನೋಡಿ, ಬೆಲ್ಟ್ ಸಡಿಲಾಗಿರಬಹುದು, ಗಾಡಿ ಚಾಲೂ ಮಾಡಿ ಸದ್ದು ಹೆಚ್ಚುತ್ತದೆಯೇ ನೋಡಿ ಎಂದೆ. ಅವರು, "ಗಾಡಿ ಬಂದ್ ಇದ್ದಾಗಲೂ ಕೇಳ್ತಾ ಉಂಟು ಮೇಡಂ" ಎಂದರು. ಮಂಗಳೂರಿನ ಕಡೆಯವರು. ನಾನು ಇನ್ನೊಮ್ಮೆ ಚಾಲೂ ಮಾಡಿ ಎಂದೆ. ಪುಣ್ಯಕ್ಕೆ ಅವರು ನನ್ನ ಮಾತು ಕೇಳಲಿಲ್ಲ, ಬಾನೆಟ್ ಎತ್ತಿದರು. ಬೆಕ್ಕಿನ ಮರಿ ಇತ್ತು. ತೆಗೆಯುವುದು ಹೇಗೆ ಎಂದು ಗಾಡಿಯ ಸಾಲನ್ನು ಕೇಳಿದರೆ ಬೆಕ್ಕು ಪ್ರಾಣಿ ಎಂದರು, ಪ್ರಾಣಿಯ ಸಾಲನ್ನು ಕೇಳಿದರೆ ಎಂಜಿನ್ ಗಾಡಿ ಎಂದರು. ಅಷ್ಟರಲ್ಲಿ ಮರಿ ತಾನೇ ಇಳಿದು ಹೋಯಿತು. ಮಳೆಗಾಲದಲ್ಲಿ ಗಾಡಿ ಚಾಲೂ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಏಟು ಬಡಿಯಿರಿ ಎಂದು ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದೆ.

ನಮ್ಮ ಮೇಲಿನವರು ಮಾನೆ ಸರ್. ಮರಾಠಿಯವರು, ಕಡಿಮೆ ಮಾತು, ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಇಡೀ ದಿನ ನಮ್ಮ ಕರೆಗಳ ರೆಕಾರ್ಡಿಂಗ್ ಕೇಳಿ ಅಂಕ ಕೊಡುವುದು ಅವರ ಕೆಲಸ. ನನ್ನ ಕನ್ನಡದ ಕರೆಗಳಿಗೂ ಅಂಕ ಬರುತ್ತಿತ್ತು. ಭಾಷೆ ಬಾರದೆ ಹೇಗೆ ಕೊಡುತ್ತಾರೆ ಎಂದು ನನಗೆ ಆಶ್ಚರ್ಯ. ದನಿಯ ಏರಿಳಿತ ನೋಡಿ ಇರಬೇಕು ಎಂದುಕೊಂಡಿದ್ದೆ. ಅವರ ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಗ್ರಾಹಕರ ವಸ್ತುವನ್ನು ಒಡೆಯುವ, ಕೊಯ್ಯುವ, ಕೀಳುವ ಸಲಹೆಯನ್ನು ನಾವು ಕೊಡಕೂಡದು. ಅಂಥದ್ದು ಬಂದರೆ ಮೆಕ್ಯಾನಿಕ್ಕನ್ನೋ ಪ್ಲಂಬರನ್ನೋ ಕಳಿಸಬೇಕು.

ಇನ್ನು ಸಾನಪಾಡಾದ ಕರೆಯ ವಿಷಯ.

ಮೇ ತಿಂಗಳ ಮಧ್ಯಾಹ್ನ. ಗಾಡಿಯ ಸಾಲಿನ ಹುಡುಗ ಎದ್ದು ನಿಂತು, ಕನ್ನಡ ಎಂದು ನನ್ನ ಕಡೆ ಕೈ ಮಾಡಿದ. ಫೋನ್ ತೆಗೆದುಕೊಂಡು, "ವಾರಿಜಾ ಮಾತಾಡ್ತಿದ್ದೇನೆ, ಹೇಳಿ" ಎಂದೆ.

"ಅಕ್ಕಾರ, ಬಡ್ಡಿ ಒಳಗ ಸಿಕ್ಕೊಂಡದ್ರೀ. ಹೊರಗ ಬರ್ಲಿಕ್ಕಿ ಆಗವಲ್ದು" ಎಂದಿತು ಆ ಕಡೆಯ ದನಿ. ಕಲಬುರಗಿಯ ಕಡೆಯದು, ಏದುಸಿರು.

"ನಾವು ಬ್ಯಾಂಕಿನ ವಿಷಯ ನೋಡುವುದಿಲ್ಲ" ಎಂದೆ.

"ಬ್ಯಾಂಕ್ ಅಲ್ರೀ. ಬಡ್ಡಿ. ನಾಯಿ."

ನಾಯಿಯ ಹೆಸರು ಅದು. ಸಾಹೇಬರ ಮನೆಯವರು ಇಂಗ್ಲಿಷಿನಲ್ಲಿ ಗೆಳೆಯ ಎಂಬ ಅರ್ಥಕ್ಕೆ ಇಟ್ಟದ್ದನ್ನು, ಫೋನ್ ಮಾಡಿದ್ದ ಡ್ರೈವರ್ ಶರಣಪ್ಪ ತನ್ನ ಬಾಯಿಗೆ ಬಂದಂತೆ ಕರೆಯುತ್ತಿದ್ದ. ಸಾಹೇಬರ ಜೊತೆ ಸಾನಪಾಡಾಕ್ಕೆ ಬಂದಿದ್ದನಂತೆ. ನೀನು ಚಹಾ ಕುಡಿದು ಬಾ, ನಾನು ಇಲ್ಲೇ ಕೂತಿರುತ್ತೇನೆ ಎಂದು ಸಾಹೇಬರು ಎಸಿ ಹಾಕಿಕೊಂಡು ನಾಯಿಯ ಜೊತೆ ಕಾರಿನಲ್ಲಿ ಕೂತಿದ್ದರು. ಶರಣಪ್ಪ ವಾಪಸು ಬಂದು ನೋಡಿದರೆ ಸಾಹೇಬರು ಇಲ್ಲ. ಎಸಿ ಬಂದ್, ನಾಲ್ಕೂ ಗಾಜು ಏರಿಸಿದೆ, ಬಾಗಿಲಿಗೆ ಲಾಕ್. ನಾಯಿ ಹಿಂದಿನ ಸೀಟಿನಲ್ಲಿ. ನಮ್ಮ ನಂಬರು ಮುಂದಿನ ಗಾಜಿಗೆ ಅಂಟಿಸಿದ ಸ್ಟಿಕರಿನಲ್ಲಿತ್ತು.

"ಕೀಲಿ ಎಲ್ಲಿದೆ?"

"ಸಾಹೇಬ್ರು ಒಯ್ದಾರ್ರೀ. ಫೋನ್ ಹೊಡದು ಹೊಡದು ಸಾಕಾಯ್ತು, ಎತ್ತವಲ್ರು. ಈ ಬಿಲ್ಡಿಂಗ್ನ್ಯಾಗ ಎಲ್ಲಿ ಮೀಟಿಂಗಿಗಿ ಕುಂತಾರೋ ಗೊತ್ತಿಲ್ಲ. ವಾಚ್‌ಮನ್ನಗ ಕೇಳ್ದೆ, ಅವಗೂ ಗೊತ್ತಿಲ್ಲ."

ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ಗಾಡಿಯ ಸಾಲಿಗೆ ಕೇಳಿದೆ. ಕಳಂಬೋಲಿಯಲ್ಲಿ ಕಬ್ಬಿಣದ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದಾನೆ, ಬೇಗ ಬರಲಾರ ಎಂದರು. ಮಾನೆ ಸರ್ ಕುರ್ಚಿ ಖಾಲಿ ಇತ್ತು. ಅವರೂ ಮೀಟಿಂಗಿನಲ್ಲಿದ್ದರು. ಆ ಮಧ್ಯಾಹ್ನ ಬೇಕಾದವರೆಲ್ಲ ಮೀಟಿಂಗಿನಲ್ಲಿದ್ದರು.

"ನಾಯಿ ಏನು ಮಾಡ್ತಾ ಇದೆ ಈಗ?"

"ಆಗಿಂದ ಬೊಗಳ್ತಿತ್ರೀ. ಈಗ ಸುಮ್ಮಗಾಗ್ಯಾದ. ನಾಲಿಗಿ ಹೊರಗ ಹಾಕಿ ಮಲಗ್ಯಾದ. ಜೊಲ್ಲು ಭಾಳ ಸುರೀಲಿಕತ್ತದ. ಕರದ್ರ ನೋಡವಲ್ದು."

ಪ್ರಾಣಿಯ ಸಾಲಿನ ಹುಡುಗಿಗೆ ಇದನ್ನು ಹೇಳಿದೆ. ಅವಳು ತಲೆ ಅಲ್ಲಾಡಿಸಿ, ನಾಯಿಗೆ ಇನ್ನು ಹೆಚ್ಚು ಹೊತ್ತಿಲ್ಲ ಎಂಬಂತೆ ಕೈ ಮಾಡಿದಳು.

ನಾನು ಹೆದರಿದೆನೇ ಎಂದು ಕೇಳಿದರೆ, ಹೌದು. ನಾಯಿಗಾಗಿ ಅರ್ಧ, ನನಗಾಗಿ ಅರ್ಧ.

"ಶರಣಪ್ಪ, ನಾಯಿಯಿಂದ ದೂರ ಇರುವ ಬಾಗಿಲಿನ ಗಾಜು ಒಡೀರಿ. ಮುಂದಿನ ದೊಡ್ಡ ಗಾಜು ಬೇಡ, ಅದು ಸುಲಭಕ್ಕೆ ಒಡೆಯುವುದಿಲ್ಲ. ಕೈಗೆ ಬಟ್ಟೆ ಸುತ್ತಿಕೊಳ್ಳಿ. ಚೂಪು ಕಲ್ಲು ತಗೊಂಡು ಮೂಲೆಗೆ ಹೊಡೀರಿ, ನಡುವಿಗಲ್ಲ."

"ಅಕ್ಕಾರ, ನನ್ನ ನೌಕರಿ ಹೋಗ್ತದ್ರೀ."

"ನಾನು ಹೇಳಿದ್ದೆಂದು ಹೇಳಿ. ನನ್ನ ಹೆಸರು ವಾರಿಜಾ."

"ನಿಮ್ಮ ಸಾಹೇಬ್ರು ನಿಮಗ ಏನೂ ಅನ್ನಂಗಿಲ್ಲೇನ್ರೀ?"

"ಅವರಿಗೆ ಕನ್ನಡ ಬರುವುದಿಲ್ಲ. ನೀವು ಒಡೀರಿ."

ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅಕ್ಕಿ ಸುರಿದಂಥ ಸದ್ದು ಕೇಳಿಸಿತು. ನಾಯಿಯನ್ನು ನೆರಳಿಗೆ ಎತ್ತಿಸಿದೆ. ವಾಚ್‌ಮನ್ನಿನ ನಲ್ಲಿಯ ನೀರನ್ನು ಹೊಟ್ಟೆಗೆ, ಕಾಲಿನ ಪಾದಗಳಿಗೆ ಹಾಕಿಸಿದೆ. ವಾಚ್‌ಮನ್ ಐಸ್ ತರಲು ಹೊರಟಿದ್ದ, ಬೇಡ ಎಂದೆ, ಮೈ ಕಾದಾಗ ಮಂಜುಗಡ್ಡೆ ಒಳ್ಳೆಯದಲ್ಲ. ರಟ್ಟಿನಿಂದ ಗಾಳಿ ಹಾಕಿಸಿದೆ. ಹತ್ತಿರದ ಪ್ರಾಣಿಗಳ ದವಾಖಾನೆಯ ವಿಳಾಸ ಕೊಟ್ಟು ಆಟೋ ಹಿಡಿಸಿದೆ. ಫೋನ್ ಇಡುವ ಮೊದಲು ಶರಣಪ್ಪ, "ಬಾಲ ಅಲ್ಲಾಡಸ್ತ್ರೀ" ಎಂದ.

ನಾಯಿ ಉಳಿಯಿತು. ಮರುದಿನ ದೂರು ಬಂತು.

ಬರೆದವರು ಆ ಮನೆಯ ಮೇಡಮ್ಮು. ನಿಮ್ಮ ಕಂಪನಿಯ ಹೆಂಗಸು ನಮ್ಮ ಡ್ರೈವರಿಗೆ ಕಾರಿನ ಗಾಜು ಒಡೆಯಲು ಹೇಳಿದ್ದಾಳೆ, ಕೀಲಿಯನ್ನು ಒಳಗೆ ಬಿಟ್ಟು ಲಾಕ್ ಮಾಡಿಕೊಂಡದ್ದು ತಾನೇ ಎಂದು ಡ್ರೈವರ್ ಒಪ್ಪಿದ್ದಾನೆ, ಆ ಕರೆಯಲ್ಲಿ ಯಾರು ಏನು ಹೇಳಿದರು ಎಂಬುದು ನನಗೆ ಪೂರ್ತಿ ಇಂಗ್ಲಿಷಿನಲ್ಲಿ ಬೇಕು, ಎಂದು. ಕೀಲಿಯ ಮಾತನ್ನು ನಾನು ಇನ್ನೊಮ್ಮೆ ಓದಿದೆ, ಶರಣಪ್ಪ ನನಗೆ ಹೇಳಿದ್ದು ಬೇರೆ.

ಅದೇ ದಿನ ಶರಣಪ್ಪ ತನ್ನ ಫೋನಿನಿಂದ ಹೆಲ್ಪ್‌ಲೈನಿಗೆ ಕರೆ ಮಾಡಿ ನನ್ನನ್ನೇ ಕೇಳಿದ.

"ಅಕ್ಕಾರ, ಕೀಲಿ ಸಾಹೇಬ್ರು ಒಯ್ದಿದ್ರು ಅಂತ ಅಂದಿದ್ನಲ್ರೀ, ಆ ಮಾತು ತಗದು ಬಿಡ್ರಿ."

"ಯಾಕೆ? ತಪ್ಪು ನಿಮ್ಮದಲ್ಲವಲ್ಲ."

"ನಾಯಿ ಅಂದ್ರ ಮೇಡಮ್ಮಾರಿಗಿ ಜೀವ. ನಾ ಮಾಡೀನಿ ಅಂದ್ರ ಎರಡು ದಿನ ಬೈತಾರ, ಮರೀತಾರ. ಸಾಹೇಬ್ರು ಮಾಡ್ಯಾರ ಅಂತ ಗೊತ್ತಾದ್ರ ಮನ್ಯಾಗ ಜಗಳ ಆಗ್ತದ. ಆಮ್ಯಾಲ ಸಾಹೇಬ್ರು ನನ್ನ ಮಾರಿ ನೋಡಿದಾಗೊಮ್ಮಿ ಅದೇ ನೆಪ್ಪ ಬರ್ತದ. ನನಗ ಇಟ್ಕೊಳ್ಳಂಗಿಲ್ರೀ."

"ಸಾಹೇಬರು ಏನೂ ಹೇಳಲಿಲ್ಲವಾ?"

"ಹೊರಗ ಬಂದು ನೋಡಿದ್ರು. ಮೇಡಮ್ಮಾರಿಗಿ ನಾನೇ ಮಾಡೀನಿ ಅಂತ ಹೇಳ್ತೀನಿ ಅಂದೆ. ಸುಮ್ಮಗಾದ್ರು."

ನಾನು ಏನೂ ಒಪ್ಪಿಕೊಳ್ಳಲಿಲ್ಲ. ನೋಡುತ್ತೇನೆ ಎಂದೆ. ಅನುವಾದ ಮಾಡಬೇಕಾದವಳು ನಾನೇ, ವಿಚಾರಣೆ ಆಗುತ್ತಿದ್ದದ್ದೂ ನನ್ನ ಮೇಲೆಯೇ. ಕಂಪನಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣಿಸಲಿಲ್ಲ. ಸಾಹೇಬರ ಬೇಜವಾಬ್ದಾರಿ ಬರೆದರೆ ನನ್ನ ಸಲಹೆಗೆ ಬಲ ಬರುತ್ತಿತ್ತು. ಕೀಲಿ ಒಯ್ದವರು ಫೋನೂ ಎತ್ತದಿದ್ದಾಗ ಬೇರೆ ದಾರಿ ಇರಲಿಲ್ಲ ಎಂದು ಯಾರಿಗೂ ತಿಳಿಯುತ್ತಿತ್ತು. ಬಿಟ್ಟರೆ, ಮಾಲಕರನ್ನು ಕೇಳದೆ ಒಡೆಸಿದೆ ಎಂದಷ್ಟೇ ಉಳಿಯುತ್ತಿತ್ತು.

ಮಾನೆ ಸರ್ ಗಾಜಿನ ಕೋಣೆಗೆ ಕರೆದರು. ರೆಕಾರ್ಡಿಂಗನ್ನು ಒಂದೊಂದೇ ಮಾತಿಗೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ಹಿಂದಿಯಲ್ಲಿ ಹೇಳುತ್ತಿದ್ದೆ, ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದರು. ಬಡ್ಡಿಯ ಮಾತಿಗೆ ನಾನು ಬ್ಯಾಂಕಿನ ಉತ್ತರ ಕೊಟ್ಟದ್ದನ್ನೂ ಟೈಪ್ ಮಾಡಿದರು. ಕೀಲಿ ಎಲ್ಲಿದೆ ಎಂದು ನಾನು ಕೇಳಿದ್ದು ಬಂತು. ಶರಣಪ್ಪನ ಉತ್ತರ ಬಂತು. ಸರ್ ನಿಲ್ಲಿಸಿದರು.

"ಕೀಲಿ ತನ್ನ ಹತ್ತಿರ ಇಲ್ಲ ಅನ್ನುತ್ತಾನೆ" ಎಂದೆ.

ಅಷ್ಟುದ್ದದ ಮಾತಿಗೆ ಅಷ್ಟೇ ಅರ್ಥ. ಅವರು ಟೈಪ್ ಮಾಡಿದರು.

ಮುಂದೆ ಇನ್ನೊಂದು ಕಷ್ಟ ಬರುವುದಿತ್ತು. ನಿಮ್ಮ ಸಾಹೇಬ್ರು ಏನೂ ಅನ್ನಂಗಿಲ್ಲೇನ್ರೀ ಎಂಬುದಕ್ಕೆ ನನ್ನ ಉತ್ತರ. ಒಂದನ್ನು ಬಿಟ್ಟಾಗಿತ್ತು, ಎರಡನ್ನು ಬಿಡಲು ಮನಸ್ಸು ಬರಲಿಲ್ಲ. "ನಮ್ಮ ಸಾಹೇಬರಿಗೆ ಕನ್ನಡ ಬರುವುದಿಲ್ಲ, ನೀವು ಒಡೀರಿ ಅಂತ ಹೇಳಿದ್ದೇನೆ ಸರ್" ಎಂದೆ. ಅದನ್ನೂ ಟೈಪ್ ಮಾಡಿದರು. ಕೊನೆಯವರೆಗೂ ಕೇಳಿ, ಹೆಡ್‌ಫೋನ್ ತೆಗೆದಿಟ್ಟರು.

"ಬರ್ತದ" ಎಂದರು.

ಸರ್ ಕನ್ನಡದಲ್ಲೇ ಮುಂದುವರಿಸಿದರು.

"ನಾವು ಸೋಲಾಪುರದವ್ರು. ನಮ್ಮ ಅಜ್ಜಿ ಅಕ್ಕಲಕೋಟ ಕಡೀಕಿ. ಮನ್ಯಾಗ ಆಕಿ ಇರೂತನಕ ಕನ್ನಡಾನೇ." ಪರದೆಯ ಕಡೆ ನೋಡುತ್ತಲೇ ಹೇಳಿದರು. "ಒಂದು ಮಾತು ಬಿಟ್ರಿ."

"ಹೌದು ಸರ್."

"ಅಂವ ಎರಡ್ನೇ ಸಲ ಮಾಡಿದ ಫೋನೂ ಕೇಳೇನಿ. ಅದೂ ರೆಕಾರ್ಡ್ ಆಗ್ಯಾದ."

ಇಷ್ಟು ವರ್ಷ ಅಂಕ ಕೊಟ್ಟದ್ದು ದನಿಯ ಏರಿಳಿತಕ್ಕಲ್ಲ ಎಂಬುದು ಆಗ ಹೊಳೆಯಿತು. ಕನ್ನಡ ಬರುತ್ತದೆಂದು ಯಾಕೆ ಹೇಳಲಿಲ್ಲ ಸರ್ ಎಂದು ಕೇಳಿದೆ. "ಹೇಳಿದ್ರ ಕನ್ನಡದ ಫೋನ್ ನನಗ ಕೊಡ್ತಿದ್ರು" ಎಂದರು.

ಆಮೇಲೆ ಟೈಪ್ ಮಾಡಿದ್ದನ್ನು ಮೊದಲಿನಿಂದ ಓದಿದರು. ಏನನ್ನೂ ಸೇರಿಸಲಿಲ್ಲ. ಕೆಳಗೆ ತಮ್ಮದೊಂದು ಸಾಲು ಬರೆದರು: ಪ್ರಾಣಿಯ ಜೀವ ಅಪಾಯದಲ್ಲಿದ್ದಾಗ ಕೊಟ್ಟ ಸಲಹೆ ಸರಿಯಾಗಿದೆ, ನಿಯಮ ತಿದ್ದಬೇಕು. ಕಳಿಸುವ ಗುಂಡಿ ಒತ್ತಿ, ಮರಾಠಿಗೆ ಮರಳಿ, ನನ್ನ ಸೀಟಿಗೆ ಹೋಗಲು ಹೇಳಿದರು.

ಮಾಲಕರನ್ನು ಕೇಳದೆ ಒಡೆಸಿದ್ದಕ್ಕೆ ಮೇಲಿನವರು ನನ್ನನ್ನು ಸ್ವಲ್ಪ ಕಾಲ ಫೋನಿನಿಂದ ತೆಗೆದು, ಹಳೆಯ ಸಲಹೆಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಹಾಕಿದರು. ಇರುವೆ, ಜಿರಲೆ, ಸೋರುವ ಕೊಳಾಯಿ, ಹತ್ತದ ಬ್ಯಾಟರಿ. ನಿಯಮ ತಿದ್ದಿದರು. ಮಾನೆ ಸರ್ ನಂತರವೂ ನನ್ನೊಡನೆ ಕನ್ನಡ ಆಡಲಿಲ್ಲ. ನಾನೂ ಆ ವಿಷಯ ಯಾರಿಗೂ ಹೇಳಲಿಲ್ಲ. ಕನ್ನಡದ ಫೋನು ಬಂದರೆ ಎಲ್ಲರೂ ನನ್ನ ಕಡೆಯೇ ಕೈ ಮಾಡುತ್ತಿದ್ದರು, ಅವರು ಕತ್ತು ಬಗ್ಗಿಸಿ ಹೆಡ್‌ಫೋನ್ ಸರಿಮಾಡಿಕೊಳ್ಳುತ್ತಿದ್ದರು.

ಆಮೇಲೆ ಆ್ಯಪ್ ಬಂತು. ಜನ ಪ್ರಶ್ನೆ ಬರೆದರೆ ಯಂತ್ರವೇ ಉತ್ತರ ಬರೆಯತೊಡಗಿತು. ಉತ್ತರಗಳನ್ನು ಪರೀಕ್ಷಿಸುವ ಕೆಲಸ ನಮಗೆ ಬಂತು. ಇರುವೆಯ ಬಗ್ಗೆ ಯಂತ್ರ ಬರೆದದ್ದು ನಾನು ಇಷ್ಟು ವರ್ಷ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಇದು ದೀಕ್ಷಾಗೆ ತಿಳಿದಿರಲಿ. ಆದರೂ ಕೆಲವರು ಫೋನ್ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಪ್ರಶ್ನೆಯನ್ನು ಬೇರೆ ಎಲ್ಲಿಂದಲೋ ಸುರುಮಾಡುತ್ತಾರೆ. ಅದು ಬರುವ ತನಕ ಕಾಯಬೇಕು. ಈ ಕೆಲಸದಲ್ಲಿ ನಾನು ಕಲಿತದ್ದು ಅಷ್ಟೇ.

ನನ್ನ ಕೊನೆಯ ವಾರಗಳಲ್ಲಿ ಗಂಡಸೊಬ್ಬರು ಹಿಂದಿಯಲ್ಲಿ ಫೋನ್ ಮಾಡಿದರು. ಕಾರಿನ ಸೀಟಿಗೆ ನಾಯಿಯ ಕೂದಲು ಅಂಟಿದೆ, ಬ್ರಷ್ಷಿಗೂ ಬರುತ್ತಿಲ್ಲ, ಆ್ಯಪ್‌ನಲ್ಲಿ ಕೇಳಿದರೆ ನಾಯಿಯ ತಳಿ ಯಾವುದೆಂದೇ ಮತ್ತೆ ಮತ್ತೆ ಕೇಳುತ್ತಿದೆ ಎಂದರು. ಹೇಳುತ್ತೇನೆ ಎಂದೆ. ಅವರು ನಡುವೆ ಮಾತು ನಿಲ್ಲಿಸಿ, "ವಾರಿಜಾ ಅಂದಿರಲ್ಲ. ಕನ್ನಡದವರಾ?" ಎಂದು ಕೇಳಿದರು.

ಹೌದು ಎಂದೆ.

"ಆ ಕರೆಯ ಅನುವಾದವನ್ನು ನಾನೂ ಓದಿದೆ. ಅದರಲ್ಲಿ ನನ್ನ ವಿಷಯ ಇರಲಿಲ್ಲ."

ಬಡ್ಡಿಯ ಸಾಹೇಬರೆಂದು ನನಗೆ ತಿಳಿಯಿತು. "ಕರೆ ರೆಕಾರ್ಡ್ ಆಗ್ತಾ ಇದೆ ಸರ್" ಎಂದೆ.

"ಆಗಲಿ. ಹೆಂಡತಿಗೆ ನಾನೇ ಹೇಳಿದೆ. ಕಾಗದ ಬಂದ ದಿನ ಅಲ್ಲ. ಕೆಲವು ದಿನ ಬಿಟ್ಟು. ಶರಣಪ್ಪ ತಲೆ ತಗ್ಗಿಸಿ ಬೈಸಿಕೊಳ್ಳುವುದನ್ನು ಎಷ್ಟು ದಿನ ನೋಡುವುದು."

ಕೇಳಬಾರದಿತ್ತು, ಕೇಳಿದೆ. "ಅವರು ಈಗ?"

"ಇದ್ದಾನೆ. ಮುಂದಿನ ಸೀಟಿನಲ್ಲಿ ಕೂತಿದ್ದಾನೆ. ನಾನು ಮಾಡ್ತೇನೆ ಸಾಹೇಬ್ರೇ ಅನ್ನುತ್ತಿದ್ದಾನೆ, ಬಿಡ್ತಾ ಇಲ್ಲ ನಾನು. ಹಿಂದಿನ ಸೀಟು ಪೂರ್ತಿ ಕೂದಲು. ಏನು ಮಾಡಬೇಕು ಹೇಳಿ" ಎಂದರು.

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಸ್ವಲ್ಪ ಒದ್ದೆ ಮಾಡಿ, ಒಂದೇ ದಿಕ್ಕಿಗೆ ಸವರಿ, ಕೂದಲು ಉಂಡೆಯಾಗಿ ಸೇರುತ್ತದೆ ಎಂದೆ. ಫೋನ್ ಇಡಬೇಡಿ ಎಂದು ಹೇಳಿ ಗ್ಲೌಸ್ ತರಿಸಿದರು. ಆ ಕಡೆಯಿಂದ ಸೀಟನ್ನು ಸವರುವ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಹಾಡು ಹಾಕಲಿಲ್ಲ, ಕಾದೆ.

"ಬರ್ತಾ ಇದೆ" ಎಂದರು.